ಹೊಸ ಸಂಶ್ಲೇಷಿತ ಸೈಕಡೆಲಿಕ್‌ಗಳು: ಹುಟ್ಟು, ಹರವು ಮತ್ತು ಸಂಶೋಧನೆಯ ಪ್ರೇರಣೆಗಳು

ಗ್ರಹಿಕೆ, ಕಾಲದ ಅರಿವು, ತಾನೆಂಬ ಭಾವ ಇವುಗಳನ್ನು ಕೆಲವು ಗಂಟೆಗಳ ಮಟ್ಟಿಗೆ ಬುಡಮಟ್ಟ ಬದಲಿಸುವ ರಾಸಾಯನಿಕಗಳಿಗೆ ಸೈಕಡೆಲಿಕ್‌ಗಳೆಂದು ಹೆಸರು. ಪೆಯೋಟಿ ಕಳ್ಳಿಯ ಮೆಸ್ಕಲಿನ್, ಕೆಲವು ಜಾತಿಯ ಅಣಬೆಗಳ ಸಿಲೋಸೈಬಿನ್, ಅಮೆಜಾನ್ ಕಾಡಿನ ಆಯವಾಸ್ಕಾ ಕಷಾಯದಲ್ಲಿರುವ ಡಿಎಂಟಿ, ಎರ್ಗಾಟ್ ಶಿಲೀಂಧ್ರದ ವಸ್ತುವಿನಿಂದ ತಯಾರಾದ ಎಲ್‌ಎಸ್‌ಡಿ ಇವು ಈ ಗುಂಪಿನ ಹಳೆಯ ಹೆಸರುಗಳು. ಇವುಗಳ ಅಣುರಚನೆಯನ್ನು ಅಲ್ಲಲ್ಲಿ ತಿದ್ದಿ, ಪ್ರಯೋಗಾಲಯದಲ್ಲಿ ಕಟ್ಟಿದ ಹೊಸ ವಸ್ತುಗಳು ಇಂದು ನೂರಾರಿವೆ. ಐರೋಪ್ಯ ಒಕ್ಕೂಟ 1997ರಿಂದ ನಡೆಸುತ್ತಿರುವ ಮುನ್ನೆಚ್ಚರಿಕೆ ವ್ಯವಸ್ಥೆ 900ಕ್ಕೂ ಹೆಚ್ಚು ಹೊಸ ಮನೋಪ್ರಭಾವಿ ವಸ್ತುಗಳ ಮೇಲೆ ಕಣ್ಣಿಟ್ಟಿದೆ. ಅವುಗಳಲ್ಲಿ ಹೆಚ್ಚಿನವು ಗಾಂಜಾದ ಕೃತಕ ಅನುಕರಣೆಗಳು, ಉತ್ತೇಜಕಗಳು, ಅಫೀಮಿನಂತೆ ವರ್ತಿಸುವ ವಸ್ತುಗಳು. ಸೈಕಡೆಲಿಕ್‌ಗಳ ಪಾಲು ಚಿಕ್ಕದು. ಆದರೂ ಒಂದು ಅಣುವನ್ನು ಮನುಷ್ಯ ಯಾಕೆ ಕಟ್ಟುತ್ತಾನೆ ಎಂಬ ಪ್ರಶ್ನೆಗೆ ಈ ಚಿಕ್ಕ ಗುಂಪು ಕೊಡುವಷ್ಟು ಬಗೆಬಗೆಯ ಉತ್ತರವನ್ನು ಬೇರೆ ಯಾವ ಗುಂಪೂ ಕೊಡುವುದಿಲ್ಲ. ರೋಗಿಯ ಚಿಕಿತ್ಸೆ, ಮಿದುಳಿನ ಬಗೆಗಿನ ಕುತೂಹಲ, ಆಧ್ಯಾತ್ಮಿಕ ಹಂಬಲ, ಬೇಹುಗಾರಿಕೆ, ಕಾನೂನಿನಿಂದ ನುಣುಚಿಕೊಳ್ಳುವ ವ್ಯಾಪಾರ, ಪೇಟೆಂಟಿನ ಲೆಕ್ಕಾಚಾರ ಎಲ್ಲವೂ ಇಲ್ಲಿ ಸೇರಿವೆ. ಒಂದು ಉದ್ದೇಶಕ್ಕೆ ಹುಟ್ಟಿದ ಅಣು ಇನ್ನೊಂದು ಉದ್ದೇಶದವರ ಕೈಗೆ ದಾಟುವುದು ಈ ಚರಿತ್ರೆಯುದ್ದಕ್ಕೂ ನಡೆದಿದೆ; ಒಳಿತೂ ಕೇಡೂ ಬಹುಪಾಲು ಆ ದಾಟುವಿಕೆಯಲ್ಲೇ ಹುಟ್ಟಿವೆ.

ಮೊದಲ ಅಣುಗಳು

ಜರ್ಮನಿಯ ಆರ್ಥರ್ ಹೆಫ್ಟರ್ 1897ರಲ್ಲಿ ಪೆಯೋಟಿಯಿಂದ ಬೇರ್ಪಡಿಸಿದ ವಸ್ತುಗಳನ್ನು ಒಂದೊಂದಾಗಿ ತಾವೇ ಸೇವಿಸಿ, ದೃಶ್ಯಗಳನ್ನು ಕಾಣಿಸುವುದು ಮೆಸ್ಕಲಿನ್ ಎಂದು ಖಚಿತಪಡಿಸಿದರು. 1919ರಲ್ಲಿ ವಿಯೆನ್ನಾದ ಅರ್ನ್‌ಸ್ಟ್ ಸ್ಪೇತ್ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಸಸ್ಯದ ಹಂಗಿಲ್ಲದೆ ಕೈಗೆ ಬಂದ ಮೊದಲ ಸೈಕಡೆಲಿಕ್ ಅದು. ಕೆನಡಾದ ರಿಚರ್ಡ್ ಮ್ಯಾನ್‌ಸ್ಕೆ 1931ರಲ್ಲಿ ಡಿಎಂಟಿ ತಯಾರಿಸಿದಾಗ ಅದರ ಪರಿಣಾಮದ ಸುಳಿವೂ ಯಾರಿಗೂ ಇರಲಿಲ್ಲ. ಅದು ಕಾಲು ಶತಮಾನ ಹಾಗೆಯೇ ಉಳಿಯಿತು.

ಎಲ್‌ಎಸ್‌ಡಿಯ ಹುಟ್ಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರೈ ಧಾನ್ಯದ ತೆನೆಯಲ್ಲಿ ಕಪ್ಪು ಕೊಂಬಿನಂತೆ ಬೆಳೆಯುವ ಎರ್ಗಾಟ್ ಶಿಲೀಂಧ್ರ ಯುರೋಪಿನಲ್ಲಿ ಶತಮಾನಗಳ ಕಾಲ ವಿಷವೂ ಆಗಿತ್ತು, ಸೂಲಗಿತ್ತಿಯರ ಮದ್ದೂ ಆಗಿತ್ತು. ನಮ್ಮ ಕಡೆ ಸಜ್ಜೆಯ ತೆನೆಗೆ ಬರುವ ಎರ್ಗಾಟ್ ರೋಗದ ಶಿಲೀಂಧ್ರವೂ ಅದೇ ಕುಲದ್ದು, ಜಾತಿ ಬೇರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಸ್ ಕಂಪನಿಯಲ್ಲಿ ಆಲ್ಬರ್ಟ್ ಹಾಫ್‌ಮನ್ ಈ ಶಿಲೀಂಧ್ರದ ವಸ್ತುಗಳಿಂದ ಹೊಸ ಔಷಧಗಳನ್ನು ಕಟ್ಟುವ ಕೆಲಸದಲ್ಲಿದ್ದರು. ಬಾಣಂತಿಯರ ರಕ್ತಸ್ರಾವ ತಡೆಯಲು ಇಂದಿಗೂ ನಮ್ಮ ಹೆರಿಗೆ ವಾರ್ಡುಗಳಲ್ಲಿ ಬಳಸುವ ಮಿಥೈಲ್ ಎರ್ಗೋಮೆಟ್ರಿನ್ ಆ ಕೆಲಸದ ಫಲ. 1938ರ ನವೆಂಬರಿನಲ್ಲಿ ಅವರು ಅದೇ ಸರಣಿಯ 25ನೆಯ ವಸ್ತುವನ್ನು ತಯಾರಿಸಿದ್ದು ಉಸಿರಾಟಕ್ಕೂ ರಕ್ತಪರಿಚಲನೆಗೂ ಚುರುಕು ಕೊಡುವ ಔಷಧ ಸಿಕ್ಕೀತೆಂಬ ಆಸೆಯಿಂದ. ಅದನ್ನು ಕೊಟ್ಟ ಪ್ರಾಣಿಗಳು ಚಡಪಡಿಸಿದ್ದು ಬಿಟ್ಟರೆ ವಿಶೇಷವೇನೂ ಕಾಣದೆ, ಕಂಪನಿ ಅದನ್ನು ಕೈಬಿಟ್ಟಿತು.

ಐದು ವರ್ಷಗಳ ನಂತರ, ಆ ವಸ್ತುವಿನಲ್ಲಿ ಇನ್ನೇನೋ ಇದೆಯೆಂಬ ಅನಿಸಿಕೆಯೊಂದರ ಬೆನ್ನು ಹತ್ತಿ ಹಾಫ್‌ಮನ್ ಅದನ್ನು ಮತ್ತೆ ತಯಾರಿಸಿದರು. 1943ರ ಏಪ್ರಿಲ್ 16ರಂದು ಅದರ ಲವಲೇಶ ಮೈಸೇರಿ ವಿಚಿತ್ರ ಬಣ್ಣಗಳು ಕಾಣಿಸಿಕೊಂಡವು. ಮೂರು ದಿನ ಬಿಟ್ಟು, ಬೇಕೆಂದೇ 250 ಮೈಕ್ರೋಗ್ರಾಂ ಸೇವಿಸಿದರು. ಒಂದು ಮಿಲಿಗ್ರಾಮಿನ ಕಾಲುಭಾಗ ಏನೂ ಮಾಡಲಾರದೆಂಬ ಎಚ್ಚರಿಕೆಯ ಲೆಕ್ಕ ಅವರದು. ಯುದ್ಧಕಾಲದಲ್ಲಿ ಮೋಟಾರು ಬಳಕೆಗೆ ನಿರ್ಬಂಧವಿದ್ದುದರಿಂದ ಸಹಾಯಕಿ ಸೂಸಿ ರಾಮ್‌ಸ್ಟೈನ್ ಜೊತೆಗೆ ಸೈಕಲ್ಲಿನಲ್ಲೇ ಮನೆಗೆ ಹೊರಟ ಅವರಿಗೆ ದಾರಿಯೆಲ್ಲ ಅಲೆಯಲೆಯಾಗಿ ಬಾಗಿ ಕಂಡಿತು; ಮನೆಯಲ್ಲಿ ಸಾವಿನ ಭಯ ಆವರಿಸಿತು; ಬಂದ ವೈದ್ಯರಿಗೆ ಹಿಗ್ಗಿದ ಕಣ್ಣುಪಾಪೆಗಳ ಹೊರತು ದೋಷವೇನೂ ಕಾಣಲಿಲ್ಲ. ಇಷ್ಟು ಸಣ್ಣ ಪ್ರಮಾಣದಲ್ಲಿ ಮನಸ್ಸನ್ನು ಇಷ್ಟು ಅಲುಗಿಸುವ ವಸ್ತು ಆವರೆಗೆ ಗೊತ್ತಿರಲಿಲ್ಲ.

ಸ್ಯಾಂಡೋಸ್ 1947ರಿಂದ ಅದನ್ನು ಡೆಲಿಸಿಡ್ ಎಂಬ ಹೆಸರಿನಲ್ಲಿ ವೈದ್ಯರಿಗೆ ಒದಗಿಸಿತು. ಜೊತೆಗಿದ್ದ ಸೂಚನೆಯಲ್ಲಿ ಎರಡು ಉಪಯೋಗಗಳಿದ್ದವು: ಮನೋಚಿಕಿತ್ಸೆಯಲ್ಲಿ ರೋಗಿಯ ಅದುಮಿಟ್ಟ ನೆನಪುಗಳನ್ನು ಹೊರತರುವುದು, ವೈದ್ಯ ತಾನೇ ಸೇವಿಸಿ ಮನೋರೋಗಿಯ ಲೋಕವನ್ನು ಒಳಗಿನಿಂದ ಅರಿಯುವುದು. ಎರಡನೆಯದು ಇಂದು ಓದುವವರಿಗೆ ಬೆರಗೆನಿಸಬಹುದು. ಆದರೆ ಅದು ಮನೋವೈದ್ಯ ಶಾಸ್ತ್ರ ರಸಾಯನಶಾಸ್ತ್ರದ ಕಡೆಗೆ ಹೊರಳುತ್ತಿದ್ದ ಕಾಲ. ಬಾಸೆಲಿನದೇ ಸೀಬಾ ಕಂಪನಿ 1952ರಲ್ಲಿ ನಮ್ಮ ಸರ್ಪಗಂಧದ ಬೇರಿನಿಂದ ಮನಸ್ಸನ್ನು ಶಾಂತಗೊಳಿಸುವ ರೆಸರ್ಪಿನ್ ಬೇರ್ಪಡಿಸಿತ್ತು. 1953ರಲ್ಲಿ ಬೆಟ್ಟಿ ಟ್ವಾರೋಗ್ ಸಸ್ತನಿಗಳ ಮಿದುಳಿನಲ್ಲಿ ನರಸಂದೇಶ ಒಯ್ಯುವ ಸೆರೊಟೋನಿನ್ ಇರುವುದನ್ನು ತೋರಿಸಿದ್ದರು. ಎಲ್‌ಎಸ್‌ಡಿಯ ಅಣುವಿನೊಳಗೆ ಸೆರೊಟೋನಿನ್ನಿನದೇ ಚೌಕಟ್ಟು ಅಡಗಿರುವುದನ್ನು ಗಮನಿಸಿದ ವುಲಿ ಮತ್ತು ಶಾ 1954ರಲ್ಲಿ ಮನೋರೋಗಕ್ಕೂ ಸೆರೊಟೋನಿನ್ನಿಗೂ ನಂಟಿರಬಹುದೆಂದು ಸೂಚಿಸಿದರು. ಇಂದು ಖಿನ್ನತೆಗೆ ಕೊಡುವ ಎಷ್ಟೋ ಮಾತ್ರೆಗಳ ಹಿಂದಿರುವ ವಿಚಾರಕ್ಕೆ ಎಲ್‌ಎಸ್‌ಡಿಯೂ ಒಂದು ತಾಯಿಬೇರು. ಮಾದಕವಸ್ತುಗಳ ಪಟ್ಟಿಯಲ್ಲಷ್ಟೇ ಅದನ್ನು ಓದುವವರಿಗೆ ಈ ಋಣ ಕಾಣುವುದಿಲ್ಲ.

ಹಂಗೆರಿಯ ಸ್ಟೀಫನ್ ಸಾರಾ ಎಲ್‌ಎಸ್‌ಡಿ ಬೇಕೆಂದು ಸ್ಯಾಂಡೋಸ್‌ಗೆ ಬರೆದಾಗ, ಕಮ್ಯುನಿಸ್ಟ್ ದೇಶಕ್ಕೆ ಕಳಿಸಲಾಗದೆಂಬ ಉತ್ತರ ಬಂತು. ಬದಲಿ ಹುಡುಕುತ್ತ ಹೊರಟ ಅವರು ಡಿಎಂಟಿಯನ್ನು ತಯಾರಿಸಿ, 1956ರಲ್ಲಿ ತಮಗೇ ಚುಚ್ಚಿಕೊಂಡು ಅದರ ಪರಿಣಾಮವನ್ನು ದಾಖಲಿಸಿದರು. ಮೆಕ್ಸಿಕೋದ ಅಣಬೆಗಳಿಂದ ಸಿಲೋಸೈಬಿನ್ ಬೇರ್ಪಡಿಸಿದ್ದು ಮತ್ತೆ ಹಾಫ್‌ಮನ್ನರ ಪ್ರಯೋಗಾಲಯವೇ, 1958ರಲ್ಲಿ. ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ ಹಂಫ್ರಿ ಆಸ್ಮಂಡ್ ಕುಡಿತದ ಚಟ ಬಿಡಿಸಲು ಎಲ್‌ಎಸ್‌ಡಿ ಬಳಸಿ ನೋಡುತ್ತಿದ್ದರು. ಸೈಕಡೆಲಿಕ್ ಎಂಬ ಹೆಸರೂ ಅವರು ಇಟ್ಟದ್ದೇ.

ಅದೇ ವರ್ಷಗಳಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಗೆ ಇದರಲ್ಲಿ ಬೇರೆಯೇ ಸಾಧ್ಯತೆ ಕಂಡಿತು. 1953ರಲ್ಲಿ ಶುರುವಾದ ಎಂಕೆ ಅಲ್ಟ್ರಾ ಯೋಜನೆಯ ಗುರಿ ವಿಚಾರಣೆಯಲ್ಲಿ ಬಾಯಿ ಬಿಡಿಸುವುದು, ಮನಸ್ಸನ್ನು ಹಿಡಿತಕ್ಕೆ ತರುವುದು. ಸಿಡ್ನಿ ಗಾಟ್ಲೀಬ್ ನಡೆಸಿದ ಈ ಯೋಜನೆಯಲ್ಲಿ ಎಷ್ಟೋ ಮಂದಿಗೆ ಅವರಿಗೇ ತಿಳಿಯದಂತೆ ಎಲ್‌ಎಸ್‌ಡಿ ಕೊಡಲಾಯಿತು. ಹಾಗೆ ಸೇವಿಸಿದ ಕೆಲವೇ ದಿನಗಳಲ್ಲಿ ಸೇನೆಯ ವಿಜ್ಞಾನಿ ಫ್ರಾಂಕ್ ಓಲ್ಸನ್ ಹೋಟೆಲಿನ ಕಿಟಕಿಯಿಂದ ಬಿದ್ದು ಸತ್ತರು. 1973ರಲ್ಲಿ ಕಡತಗಳನ್ನು ನಾಶ ಮಾಡಲಾಯಿತು. ಅಳಿದುಳಿದ ಸಂಗತಿಗಳು 1975ರ ನಂತರದ ಸಂಸದೀಯ ತನಿಖೆಗಳಲ್ಲಿ ಹೊರಬಿದ್ದವು. ಸೈಕಡೆಲಿಕ್ ಸಂಶೋಧನೆಯ ಇಡೀ ಇತಿಹಾಸದಲ್ಲಿ ಕ್ಷಮೆಗೆ ಅರ್ಹವಲ್ಲದ ಅಧ್ಯಾಯವೆಂದರೆ ಇದು. ಒಪ್ಪಿಗೆ ಎಂಬ ಪ್ರಶ್ನೆ ಇಂದಿನ ಚಿಕಿತ್ಸಾ ಪ್ರಯೋಗಗಳಲ್ಲಿ ಇಷ್ಟು ಸೂಕ್ಷ್ಮವಾಗಿರಲು ಇದೂ ಒಂದು ಕಾರಣ.

ಶುಲ್ಗಿನ್ ಮತ್ತು ಹಿತ್ತಲಿನ ಪ್ರಯೋಗಶಾಲೆ

ಹೊಸ ಸೈಕಡೆಲಿಕ್‌ಗಳ ಮಹಾಪೂರಕ್ಕೆ ಒಬ್ಬ ಮೂಲಪುರುಷನನ್ನು ಹೆಸರಿಸಬಹುದಾದರೆ ಅವರು ಕ್ಯಾಲಿಫೋರ್ನಿಯಾದ ಅಲೆಕ್ಸಾಂಡರ್ ಶುಲ್ಗಿನ್ (1925–2014). ಡೌ ಕೆಮಿಕಲ್ ಕಂಪನಿಯಲ್ಲಿದ್ದಾಗ ಅವರು ಜೆಕ್ಟ್ರಾನ್ ಎಂಬ ಕೀಟನಾಶಕವನ್ನು ರೂಪಿಸಿದರು. ಅದರಿಂದ ಲಾಭ ಕಂಡ ಕಂಪನಿ, ಇಷ್ಟವಾದ ವಿಷಯದಲ್ಲಿ ಸಂಶೋಧನೆ ಮಾಡುವ ಸ್ವಾತಂತ್ರ್ಯವನ್ನು ಅವರಿಗೆ ಕೊಟ್ಟಿತು. 1960ರ ಸುಮಾರಿಗೆ ಮೊದಲ ಸಲ ಮೆಸ್ಕಲಿನ್ ಸೇವಿಸಿದ್ದ ಶುಲ್ಗಿನ್ ಆ ಸ್ವಾತಂತ್ರ್ಯವನ್ನು ಅದರ ಅಣುವನ್ನು ತಿದ್ದಿ ತಿದ್ದಿ ನೋಡಲು ಬಳಸಿದರು. ಅಂದು ಕಂಡ ಬಣ್ಣ, ಉಕ್ಕಿ ಬಂದ ನೆನಪು ಒಂದು ಬಿಳಿ ಪುಡಿಯೊಳಗೆ ಇದ್ದಿರಲು ಸಾಧ್ಯವಿಲ್ಲ, ಅವು ತಮ್ಮೊಳಗೇ ಇದ್ದವು, ಪುಡಿ ಬಾಗಿಲು ತೆರೆಯಿತಷ್ಟೇ ಎಂಬುದು ಅವರು ಬದುಕಿಡೀ ನಂಬಿದ ವಿಚಾರ. ಯಾವ ಅಣು ಯಾವ ಬಾಗಿಲು ತೆರೆಯುತ್ತದೆ ಎಂದು ಹುಡುಕುವುದೇ ಅವರ ವೃತ್ತಿಯಾಯಿತು.

1966ರಲ್ಲಿ ಡೌ ಬಿಟ್ಟ ಮೇಲೆ ಲಫಾಯೆಟ್ ಊರಿನ ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಕೆಲಸ ಮುಂದುವರಿಸಿದರು. ಅವರ ವಿಧಾನ ಹಳೆಯ ಕಾಲದ ಔಷಧಶಾಸ್ತ್ರಜ್ಞರದು. ಹೊಸ ವಸ್ತುವನ್ನು ಪರಿಣಾಮ ಇರಲಾರದಷ್ಟು ಸಣ್ಣ ಪ್ರಮಾಣದಲ್ಲಿ ಮೊದಲು ತಾವು ಸೇವಿಸುವುದು. ದಿನಗಳ ಅಂತರದಲ್ಲಿ ಇಷ್ಟಿಷ್ಟೇ ಏರಿಸುವುದು. ಸುರಕ್ಷಿತವೆನಿಸಿದರೆ ಹೆಂಡತಿ ಆ್ಯನ್ ಜೊತೆಗೆ, ಆಮೇಲೆ ಹತ್ತಿರದ ಕೆಲವು ಗೆಳೆಯರ ಜೊತೆಗೆ ಕೂತು ಅನುಭವವನ್ನು ಬರೆದಿಡುವುದು. ಅನುಭವದ ತೀವ್ರತೆಗೆ ಕೂಡು ಚಿಹ್ನೆಗಳ ಒಂದು ಅಳತೆಗೋಲನ್ನೂ ಮಾಡಿಕೊಂಡಿದ್ದರು. ಒಂದು ವಸ್ತುವಿನ ಮೇಲೆ ತಿಂಗಳುಗಟ್ಟಲೆ ಕಾಯುವ ತಾಳ್ಮೆ ಈ ವಿಧಾನದ ಜೀವಾಳ. ಅದೇ ವಸ್ತುಗಳನ್ನು ಮುಂದೆ ಮಾರಿದವರಲ್ಲಿ ಆ ತಾಳ್ಮೆಯೇ ಇರಲಿಲ್ಲ.

ಡಿಓಎಂ ಎಂಬ ವಸ್ತುವಿನ ಕಥೆ ಇದಕ್ಕೆ ಮೊದಲ ಸಾಕ್ಷಿ. ಶುಲ್ಗಿನ್ ಅದನ್ನು 1963ರಲ್ಲಿ ತಯಾರಿಸಿದ್ದರು. ಕೆಲವೇ ಮಿಲಿಗ್ರಾಂ ಸಾಕಾಗುತ್ತಿತ್ತು. 1967ರ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೇಟ್-ಆ್ಯಶ್‌ಬರಿಯಲ್ಲಿ ಅದು ಎಸ್‌ಟಿಪಿ ಎಂಬ ಹೆಸರಿನ ಮಾತ್ರೆಯಾಗಿ ಕಾಣಿಸಿಕೊಂಡಾಗ ಒಂದೊಂದರಲ್ಲಿ 20 ಮಿಲಿಗ್ರಾಮಿನಷ್ಟಿತ್ತು. ಪರಿಣಾಮ ನಿಧಾನವಾಗಿ ಏರುವ ವಸ್ತು ಅದು. ಏನೂ ಆಗಲಿಲ್ಲವೆಂದು ಇನ್ನೊಂದು ಮಾತ್ರೆ ನುಂಗಿದವರು ದಿನಗಟ್ಟಲೆ ಭೀತಿಯಲ್ಲಿ ಆಸ್ಪತ್ರೆ ಸೇರಿದರು.

ಜರ್ಮನಿಯ ಮೆರ್ಕ್ ಕಂಪನಿ ರಕ್ತಸ್ರಾವ ತಡೆಯುವ ಔಷಧದ ಹುಡುಕಾಟದಲ್ಲಿ 1912ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ ಮರೆತಿದ್ದ ಎಂಡಿಎಂಎಗೆ ಮರುಜೀವ ಕೊಟ್ಟವರೂ ಶುಲ್ಗಿನ್ನರೇ. ಅದು ಕಟ್ಟುನಿಟ್ಟಾದ ಅರ್ಥದಲ್ಲಿ ಸೈಕಡೆಲಿಕ್ ಅಲ್ಲ, ಮನಸ್ಸಿನ ಬಿಗುವನ್ನು ಸಡಿಲಿಸುವ ವಸ್ತು. 1970ರ ದಶಕದ ಕೊನೆಯಲ್ಲಿ ಅವರು ಅದನ್ನು ಮನೋಚಿಕಿತ್ಸಕ ಲಿಯೋ ಜೆಫ್ ಅವರಿಗೆ ಪರಿಚಯಿಸಿದರು. ಅವರ ಮೂಲಕ ಚಿಕಿತ್ಸಕರ ವಲಯದಲ್ಲಿ ಹರಡಿತು. ಬಾರುಗಳಿಗೂ ನೃತ್ಯಕೂಟಗಳಿಗೂ ಹಬ್ಬಿದ ಮೇಲೆ ಅಮೆರಿಕ 1985ರಲ್ಲಿ ಅದನ್ನು ನಿಷೇಧಿಸಿತು. 1974ರಲ್ಲಿ ಶುಲ್ಗಿನ್ ತಯಾರಿಸಿದ 2ಸಿ-ಬಿ ಎಂಬ ಸೈಕಡೆಲಿಕ್ಕೂ ಇದೇ ದಾರಿ ಹಿಡಿಯಿತು.

ಮುಂದೆ ಶುಲ್ಗಿನ್ ದಂಪತಿ ‘ಪಿಕಾಲ್’ (1991) ಮತ್ತು ‘ಟಿಕಾಲ್’ (1997) ಎಂಬ ಎರಡು ದಪ್ಪ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ಪ್ರತಿಯೊಂದರ ಅರ್ಧ ಆತ್ಮಕಥೆ. ಉಳಿದರ್ಧ ತಯಾರಿಕೆಯ ವಿವರ. ಮೊದಲನೆಯದರಲ್ಲಿ 179 ವಸ್ತುಗಳು, ಎರಡನೆಯದರಲ್ಲಿ 55. ತಮ್ಮ ಟಿಪ್ಪಣಿಗಳು ಎಂದಾದರೂ ಜಪ್ತಿಯಾಗಿ ಬೂದಿಯಾದಾವು ಎಂಬ ಅಂಜಿಕೆ ಅವರನ್ನು ಪ್ರಕಟಣೆಗೆ ದೂಡಿತು. ಅಮೆರಿಕದ ಮಾದಕವಸ್ತು ನಿಯಂತ್ರಣ ಸಂಸ್ಥೆ ನಿಷೇಧಿತ ವಸ್ತುಗಳನ್ನು ಇಟ್ಟುಕೊಳ್ಳಲು ಅವರಿಗೆ ಪರವಾನಗಿ ಕೊಟ್ಟಿತ್ತು. ಅದೇ ಸಂಸ್ಥೆ 1994ರಲ್ಲಿ ಶೆಡ್ಡಿನ ಮೇಲೆ ದಾಳಿ ಮಾಡಿ 25,000 ಡಾಲರ್ ದಂಡ ಹಾಕಿತು, ಪರವಾನಗಿಯೂ ಹೋಯಿತು. ಜ್ಞಾನ ಸರ್ಕಾರದ ಬೀರುವಿನಲ್ಲಿ ಸಾಯಬಾರದು ಎಂಬ ಅವರ ಕಾಳಜಿ ನಿಜವಾದದ್ದು. ಆದರೆ ಆ ಪುಟಗಳನ್ನು ಅಡುಗೆ ಪುಸ್ತಕದಂತೆ ಬಳಸಿಕೊಂಡ ವ್ಯಾಪಾರಿಗಳಿಂದ ಪುಡಿ ಕೊಂಡ ಹರೆಯದವರು ಆಸ್ಪತ್ರೆ ಸೇರಿದ್ದೂ, ಕೆಲವರು ಜೀವ ಕಳೆದುಕೊಂಡದ್ದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ಹೇಳದ ಯಾವ ಶುಲ್ಗಿನ್ ಚರಿತ್ರೆಯೂ ಪ್ರಾಮಾಣಿಕವೆನಿಸದು.

ವಿಶ್ವವಿದ್ಯಾಲಯದಿಂದ ಬೀದಿಗೆ

ಪರ್ಡ್ಯೂ ವಿಶ್ವವಿದ್ಯಾಲಯದ ಡೇವಿಡ್ ನಿಕೋಲ್ಸ್ ಶುಲ್ಗಿನ್ನರ ಗೆಳೆಯರು, ಆದರೆ ಬೇರೆ ಜಾಯಮಾನದವರು. ತಾವು ಸೇವಿಸಿ ನೋಡುವುದನ್ನು ಅವರು ವಿಧಾನವಾಗಿಸಿಕೊಳ್ಳಲಿಲ್ಲ. ಅವರ ಪ್ರಯೋಗಾಲಯದಲ್ಲಿ ಎಲ್‌ಎಸ್‌ಡಿಯನ್ನು ಗುರುತಿಸಲು ಇಲಿಗಳಿಗೆ ತರಬೇತಿ ಕೊಡಲಾಗುತ್ತಿತ್ತು. ಹೊಸ ವಸ್ತು ಕೊಟ್ಟಾಗ ಇಲಿ ಯಾವ ಸನ್ನೆಕೋಲನ್ನು ಒತ್ತುತ್ತದೆ ಎಂಬುದರಿಂದ ಅದು ಎಲ್‌ಎಸ್‌ಡಿಯಂಥದ್ದೇ ಎಂದು ತಿಳಿಯುತ್ತಿತ್ತು. ಅಣುವಿನ ಯಾವ ಭಾಗ ಯಾವ ಭಂಗಿಯಲ್ಲಿ ಮಿದುಳಿನ ಕೋಶಗಳ ಗ್ರಾಹಕಕ್ಕೆ (ರಿಸೆಪ್ಟರ್) ಹೊಂದುತ್ತದೆ ಎಂಬುದು ಅವರ ಪ್ರಶ್ನೆ. ಅದಕ್ಕಾಗಿ ಅಣುವಿನ ಬಳುಕುವ ತೋಳುಗಳನ್ನು ಉಂಗುರಗಳಲ್ಲಿ ಬಿಗಿದು ನೋಡಿದಾಗ, 1998ರಲ್ಲಿ, ಬ್ರೋಮೋ-ಡ್ರ್ಯಾಗನ್‌ಫ್ಲೈ ಹುಟ್ಟಿತು. ರಚನೆ ಬರೆದರೆ ಏರೋಪ್ಲೇನ್ ಚಿಟ್ಟೆಯ ಹಾಗೆ ಕಾಣುವ ಅದು ಗ್ರಾಹಕದ ಅಧ್ಯಯನಕ್ಕೆ ಒಳ್ಳೆಯ ಉಪಕರಣ. ಹತ್ತು ವರ್ಷ ಕಳೆಯುವಷ್ಟರಲ್ಲಿ ಸ್ಕ್ಯಾಂಡಿನೇವಿಯಾದಲ್ಲಿ ಅದನ್ನು ಸೇವಿಸಿದವರ ಸಾವುಗಳು ವರದಿಯಾದವು.

ಇನ್ನೊಂದು ವಸ್ತು ಎಂಟಿಎ. ಸೆರೊಟೋನಿನ್ ಬಿಡುಗಡೆಯ ಅಧ್ಯಯನಕ್ಕಾಗಿ ನಿಕೋಲ್ಸ್ ತಂಡ ಅದನ್ನು ರೂಪಿಸಿ, ಇಲಿಗಳಲ್ಲಿ ಪರೀಕ್ಷಿಸಿ, ಖಿನ್ನತೆಯ ಚಿಕಿತ್ಸೆಗೆ ನೆರವಾದೀತೆಂಬ ಆಸೆಯಿಂದ ಪ್ರಬಂಧ ಪ್ರಕಟಿಸಿತು. ಯಾರೋ ಅದನ್ನು ಓದಿ, ಮಾತ್ರೆ ಮಾಡಿ ಮಾರಿದರು. 2002ರ ಹೊತ್ತಿಗೆ ಅದರ ನಂಟಿರುವ ಆರು ಸಾವುಗಳು ದಾಖಲಾಗಿದ್ದವು. 2011ರಲ್ಲಿ ನಿಕೋಲ್ಸ್ ‘ನೇಚರ್’ ಪತ್ರಿಕೆಯಲ್ಲಿ ಈ ಸಾವುಗಳು ತಮ್ಮನ್ನು ಹೇಗೆ ಕಾಡುತ್ತಿವೆ ಎಂದು ಬರೆದರು. ಮನುಷ್ಯರ ಮೇಲಿನ ಸುರಕ್ಷತೆಯ ಪರೀಕ್ಷೆಯೊಂದೂ ಆಗಿಲ್ಲದ ವಸ್ತುವನ್ನು ಮಾರುವವರ ಮನಸ್ಸು ಅವರಿಗೆ ಅರ್ಥವಾಗದೆ ಉಳಿಯಿತು. ಒಬ್ಬ ವಿಜ್ಞಾನಿ ತನ್ನ ಪ್ರಕಟಿತ ಕೆಲಸದ ಬಗ್ಗೆ ಇಷ್ಟು ನೋವಿನಿಂದ ಬರೆದದ್ದು ವಿರಳ, ಆದ್ದರಿಂದ ಆ ಬರಹಕ್ಕೆ ಈ ವಿಷಯದ ಸಾಹಿತ್ಯದಲ್ಲಿ ವಿಶೇಷ ಸ್ಥಾನವಿದೆ.

ಎನ್‌ಬಿಓಎಂಇ ಗುಂಪಿನ ಕಥೆ ಇನ್ನೂ ಕಠೋರ. ಬರ್ಲಿನ್ನಿನ ಫ್ರೀ ಯೂನಿವರ್ಸಿಟಿಯ ರಾಲ್ಫ್ ಹೈಮ್ 2003ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ 2ಸಿ-ಬಿ ಸೇರಿದ 2ಸಿ ಸರಣಿಯ ಅಣುಗಳಿಗೆ ಒಂದು ಹೆಚ್ಚುವರಿ ಗುಂಪು ಜೋಡಿಸಿ, ಸೆರೊಟೋನಿನ್ನಿನ 5-ಎಚ್‌ಟಿ2ಎ ಗ್ರಾಹಕಕ್ಕೆ ಬಲವಾಗಿ ಅಂಟುವ ವಸ್ತುಗಳನ್ನು ಪಡೆದಿದ್ದರು. ಕೋಪನ್‌ಹೇಗನ್ನಿನ ವಿಜ್ಞಾನಿಗಳು ಅದೇ ಗುಂಪಿನ ಒಂದು ವಸ್ತುವಿಗೆ ವಿಕಿರಣಶೀಲ ಇಂಗಾಲವನ್ನು ಸೇರಿಸಿ ಸಿಂಬಿ-36 ಎಂಬ ಗುರುತುಕಾರಕ ಮಾಡಿದರು. ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟು ಪೆಟ್ ಸ್ಕ್ಯಾನ್ ಮಾಡಿದರೆ ಜೀವಂತ ಮಿದುಳಿನಲ್ಲಿ ಆ ಗ್ರಾಹಕಗಳು ಎಲ್ಲೆಲ್ಲಿವೆ ಎಂಬ ನಕ್ಷೆಯೇ ಸಿಗುತ್ತದೆ.

ಬೀದಿಯಲ್ಲಿ ಆದದ್ದು ಬೇರೆ. 2010ರ ಸುಮಾರಿಗೆ 25ಐ-ಎನ್‌ಬಿಓಎಂಇ ಆನ್‌ಲೈನ್ ಮಾರಾಟಕ್ಕೆ ಬಂತು. ಮಿಲಿಗ್ರಾಮಿಗಿಂತ ಕಡಿಮೆ ಸಾಕಾಗುವುದರಿಂದ ಅದನ್ನು ಬ್ಲಾಟಿಂಗ್ ಕಾಗದದ ಚೂರಿನ ಮೇಲೆ ಹನಿಸಿ ಎಲ್‌ಎಸ್‌ಡಿ ಎಂದೇ ಮಾರಬಹುದಿತ್ತು. ಕೊಂಡವನಿಗೆ ಕಣ್ಣಿನಿಂದ ವ್ಯತ್ಯಾಸ ತಿಳಿಯಲು ದಾರಿಯೇ ಇರಲಿಲ್ಲ. ಎಲ್‌ಎಸ್‌ಡಿ ದೇಹಕ್ಕೆ ನೇರವಾಗಿ ವಿಷವಾಗಿ ಕೊಲ್ಲುವುದು ತೀರಾ ಅಪರೂಪ. ಈ ಹೊಸ ವಸ್ತುವಿನಿಂದ ಫಿಟ್ಸ್, ವಿಪರೀತ ಜ್ವರ, ನಾಡಿಯ ಏರಿಕೆ, ಮೂತ್ರಪಿಂಡದ ವೈಫಲ್ಯ ಕಂಡುಬಂದವು, ಹದಿಹರೆಯದವರು ಸತ್ತರು. ಅಮೆರಿಕ 2013ರ ನವೆಂಬರಿನಲ್ಲಿ ತುರ್ತು ನಿಷೇಧ ಹೇರಿತು. 2015ರಲ್ಲಿ ವಿಶ್ವಸಂಸ್ಥೆಯ ಪಟ್ಟಿಗೂ ಇಂಥ ಮೂರು ವಸ್ತುಗಳು ಸೇರಿದವು. ಪ್ರಬಂಧ ಬರೆದವರ ಮೇಲೆ ಈ ಸಾವುಗಳ ಹೊಣೆ ಹೊರಿಸುವುದು ಅನ್ಯಾಯ. ಹೊಣೆ ಒಂದು ವಸ್ತುವನ್ನು ಇನ್ನೊಂದರ ಹೆಸರಿನಲ್ಲಿ ಮಾರಿದವರದು.

ಕಾನೂನು ಹುಟ್ಟಿಸಿದ ಅಣುಗಳು

ಅಮೆರಿಕದ 1970ರ ನಿಯಂತ್ರಿತ ವಸ್ತುಗಳ ಕಾಯ್ದೆ, ವಿಶ್ವಸಂಸ್ಥೆಯ 1971ರ ಮನೋಪ್ರಭಾವಿ ವಸ್ತುಗಳ ಒಪ್ಪಂದ ಇವೆರಡೂ ವಸ್ತುಗಳನ್ನು ಹೆಸರು ಹಿಡಿದು ನಿಷೇಧಿಸಿದವು. ಅಣುವಿನಲ್ಲಿ ಒಂದೆರಡು ಪರಮಾಣು ಬದಲಾದರೆ ಅದು ಬೇರೆ ವಸ್ತು, ಪಟ್ಟಿಯಲ್ಲಿ ಇಲ್ಲದ ವಸ್ತು. ಹೀಗೆ ನಿಷೇಧವೇ ಹೊಸ ಅಣುಗಳಿಗೆ ಪ್ರೇರಣೆಯಾಯಿತು. 1970ರ ದಶಕದ ಆರಂಭದಲ್ಲೇ ಈ ತರ್ಕ ನ್ಯಾಯಾಲಯದಲ್ಲಿ ಕೇಳಿಬಂದಿತ್ತು. ‘ಆರೆಂಜ್ ಸನ್‌ಶೈನ್’ ಎಂಬ ಹೆಸರುವಾಸಿ ಮಾತ್ರೆ ತಯಾರಿಸಿದ ನಿಕ್ ಸ್ಯಾಂಡ್ ಮತ್ತು ಟಿಮ್ ಸ್ಕಲ್ಲಿ, ತಾವು ಮಾಡಿದ್ದು ಎಲ್‌ಎಸ್‌ಡಿ ಅಲ್ಲ, ಪಟ್ಟಿಯಲ್ಲಿಲ್ಲದ ಎಎಲ್‌ಡಿ-52 ಎಂದು ವಾದಿಸಿದರು. ಅದೂ ಹಿಂದೆ ಸ್ಯಾಂಡೋಸ್‌ನಲ್ಲೇ ತಯಾರಾಗಿದ್ದ ವಸ್ತು. ವಾದ ನಿಲ್ಲಲಿಲ್ಲ, ಶಿಕ್ಷೆಯಾಯಿತು.

ಅಮೆರಿಕ 1986ರಲ್ಲಿ ನಿಷೇಧಿತ ವಸ್ತುವನ್ನು ಗಣನೀಯವಾಗಿ ಹೋಲುವ ವಸ್ತುಗಳನ್ನೂ ಶಿಕ್ಷಾರ್ಹಗೊಳಿಸಿತು. ಗಣನೀಯವೆಂದರೆ ಎಷ್ಟು ಎಂಬ ಜಗಳ ಅಲ್ಲಿನ ರಸಾಯನತಜ್ಞರ ನಡುವೆ ಇನ್ನೂ ಮುಗಿದಿಲ್ಲ. ಬ್ರಿಟನ್ 2016ರಲ್ಲಿ ಮನಸ್ಸಿನ ಮೇಲೆ ಪರಿಣಾಮ ಬೀರುವ ಬಹುತೇಕ ಎಲ್ಲ ವಸ್ತುಗಳ ಮಾರಾಟವನ್ನೇ ನಿಷೇಧಿಸಿ, ಮದ್ಯ, ತಂಬಾಕು, ಕೆಫೀನ್‌ಗಳಿಗೆ ವಿನಾಯಿತಿ ಕೊಟ್ಟಿತು. ಜರ್ಮನಿ ಅದೇ ವರ್ಷ ರಾಸಾಯನಿಕ ಕುಟುಂಬಗಳನ್ನು ವ್ಯಾಖ್ಯಾನಿಸಿ ನಿಷೇಧಿಸುವ ದಾರಿ ಹಿಡಿಯಿತು. ಅಲ್ಲಿ ನಡೆದ ಬೆನ್ನಟ್ಟುವಿಕೆ ಈ ವಿಷಯದ ವಿದ್ಯಾರ್ಥಿಗಳಿಗೆ ಪಾಠವಿದ್ದಂತೆ. 2015ರ ಸುಮಾರಿಗೆ ಬಂದ 1ಪಿ-ಎಲ್‌ಎಸ್‌ಡಿ ಎಂಬುದು ಎಲ್‌ಎಸ್‌ಡಿಯ ಅಣುವಿಗೆ ಸಣ್ಣ ಬಾಲವೊಂದನ್ನು ಅಂಟಿಸಿದ ವಸ್ತು; ಮೈಯೊಳಗೆ ಹೋದ ಮೇಲೆ ಬಾಲ ಕಳಚಿ ಎಲ್‌ಎಸ್‌ಡಿಯೇ ಆಗುತ್ತದೆ. 2019ರ ತಿದ್ದುಪಡಿ ಅದನ್ನು ನಿಷೇಧದ ವ್ಯಾಪ್ತಿಗೆ ತಂದೊಡನೆ ಬೇರೆ ಬಾಲದ 1ಸಿಪಿ-ಎಲ್‌ಎಸ್‌ಡಿ ಬಂತು. 2021ರಲ್ಲಿ ಅದೂ ನಿಷೇಧವಾದಾಗ 1ವಿ-ಎಲ್‌ಎಸ್‌ಡಿ, ಆಮೇಲೆ 1ಡಿ-ಎಲ್‌ಎಸ್‌ಡಿ. ಈ ಸರಣಿಯ ಯಾವ ವಸ್ತುವಿನ ಹಿಂದೆಯೂ ಚಿಕಿತ್ಸೆಯ ವಿಚಾರವಾಗಲಿ, ಮಿದುಳಿನ ಕುತೂಹಲವಾಗಲಿ ಇಲ್ಲ. ಕಾಯ್ದೆಯ ಅಕ್ಷರವೊಂದೇ ಅವುಗಳ ವಿನ್ಯಾಸಕಾರ.

ಗ್ರಾಹಕದ ಒಳಗೆ

ಕ್ಲಾಸಿಕ್ ಸೈಕಡೆಲಿಕ್‌ಗಳೆಲ್ಲ 5-ಎಚ್‌ಟಿ2ಎ ಗ್ರಾಹಕದ ಮೂಲಕ ಕೆಲಸ ಮಾಡುತ್ತವೆ ಎಂಬುದಕ್ಕೆ ಮನುಷ್ಯರಲ್ಲಿ ಸ್ಪಷ್ಟ ಪುರಾವೆ 1998ರಲ್ಲಿ ಜ್ಯೂರಿಕ್‌ನಿಂದ ಬಂತು. ಆ ಗ್ರಾಹಕವನ್ನು ಮುಚ್ಚುವ ಕೆಟಾನ್‌ಸೆರಿನ್ ಮೊದಲೇ ಕೊಟ್ಟರೆ ಸಿಲೋಸೈಬಿನ್ನಿನ ಪರಿಣಾಮ ಕಾಣಿಸುವುದಿಲ್ಲವೆಂದು ಫ್ರಾಂಜ್ ಫೊಲನ್‌ವೈಡರ್ ತಂಡ ತೋರಿಸಿತು. 2017ರಲ್ಲಿ ನಾರ್ತ್ ಕ್ಯಾರೊಲಿನಾದ ಬ್ರಯಾನ್ ರಾತ್ ತಂಡ, ಇದೇ ಗ್ರಾಹಕದ ಹತ್ತಿರದ ಬಂಧುವಿನೊಳಗೆ ಎಲ್‌ಎಸ್‌ಡಿ ಕೂತಿರುವ ಸ್ಫಟಿಕ ಚಿತ್ರವನ್ನು ಪ್ರಕಟಿಸಿತು. ಎಲ್‌ಎಸ್‌ಡಿ ಒಳಹೋದ ಮೇಲೆ ಗ್ರಾಹಕದ ಒಂದು ಭಾಗ ಮುಚ್ಚಳದಂತೆ ಅದರ ಮೇಲೆ ಮಡಚಿಕೊಳ್ಳುತ್ತದೆ. ಪರಿಣಾಮ ಹನ್ನೆರಡು ಗಂಟೆಯವರೆಗೂ ಎಳೆಯುವುದೇಕೆ ಎಂಬುದಕ್ಕೆ ಆ ಮುಚ್ಚಳದಲ್ಲಿ ಉತ್ತರ ಸಿಕ್ಕಿತು.

ಗ್ರಾಹಕದ ಆಕಾರ ತಿಳಿದ ಮೇಲೆ ಅಣುಗಳನ್ನು ಕಂಪ್ಯೂಟರಿನಲ್ಲೇ ಹುಡುಕಬಹುದಾಯಿತು. 2022ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ 7.5 ಕೋಟಿ ಕಾಲ್ಪನಿಕ ಅಣುಗಳನ್ನು ಗ್ರಾಹಕದ ಮಾದರಿಗೆ ಹೊಂದಿಸಿ ನೋಡಿ, ಕೆಲವನ್ನಷ್ಟೇ ನಿಜವಾಗಿ ತಯಾರಿಸಲಾಯಿತು. ಅವುಗಳಲ್ಲಿ ಎರಡು ಇಲಿಗಳ ಪರೀಕ್ಷೆಯಲ್ಲಿ ಖಿನ್ನತೆ ನಿವಾರಕದಂತೆ ವರ್ತಿಸಿದವು, ಭ್ರಮೆಯ ಸೂಚನೆಯೆಂದು ಪರಿಗಣಿಸುವ ತಲೆ ಒದರುವಿಕೆ ಮಾತ್ರ ಕಾಣಲಿಲ್ಲ. ರಾತ್ ತಂಡಕ್ಕೆ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2020ರಲ್ಲಿ ಸುಮಾರು 2.7 ಕೋಟಿ ಡಾಲರ್ ಕೊಟ್ಟಿತ್ತು. ಯುದ್ಧದಿಂದ ಮರಳಿದ ಸೈನಿಕರ ಖಿನ್ನತೆ, ಆತಂಕಗಳಿಗೆ ಭ್ರಮೆಯಿಲ್ಲದ ಔಷಧ ಬೇಕೆಂಬುದು ಅದರ ಉದ್ದೇಶ. ಎಂಕೆ ಅಲ್ಟ್ರಾ ನಡೆಸಿದ ಅದೇ ಸರ್ಕಾರದ ರಕ್ಷಣಾ ಹಣ ಈಗ ಸೈನಿಕರ ವಾಸಿಗೆ ಹರಿಯುತ್ತಿರುವುದು ಗಮನಾರ್ಹ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಡೇವಿಡ್ ಓಲ್ಸನ್ 2018ರಲ್ಲಿ ಸೈಕಡೆಲಿಕ್‌ಗಳು ನರಕೋಶಗಳ ಕವಲುಗಳನ್ನು ಬೆಳೆಸುತ್ತವೆಂದು ತೋರಿಸಿದರು. 2020ರಲ್ಲಿ ಆಫ್ರಿಕದ ಐಬೋಗಾ ಗಿಡದ ವಸ್ತುವನ್ನು ಆಧರಿಸಿ, ಭ್ರಮೆ ಉಂಟುಮಾಡದೆಂದು ನಿರೀಕ್ಷಿಸಿದ ಟ್ಯಾಬರ್ನಾಂತಲಾಗ್ ಎಂಬ ಅಣುವನ್ನು ಮುಂದಿಟ್ಟರು. ವಾಸಿಮಾಡುವುದು ಕೋಶಗಳ ಬೆಳವಣಿಗೆಯೇ ಆದರೆ ಆರು ಗಂಟೆಗಳ ಮನೋಯಾನದ ಅಗತ್ಯವಿಲ್ಲ ಎಂಬುದು ಅವರ ನಿಲುವು. ಜಾನ್ಸ್ ಹಾಪ್ಕಿನ್ಸ್‌ನ ರೋಲಂಡ್ ಗ್ರಿಫಿತ್ಸ್ ಮತ್ತು ಡೇವಿಡ್ ಯೇಡನ್ ಇದಕ್ಕೆ ಎದುರು ನಿಂತು, ಆ ಅನುಭವದಲ್ಲೇ ವಾಸಿಯ ಗುಟ್ಟಿದೆ ಎಂದರು. 2006ರಲ್ಲಿ ಸಿಲೋಸೈಬಿನ್ನಿನ ಅನುಭವಕ್ಕೂ ಅನುಭಾವಿಗಳ ವರ್ಣನೆಗಳಿಗೂ ಇರುವ ಹೋಲಿಕೆಯನ್ನು ಪ್ರಕಟಿಸಿ ಇಡೀ ಕ್ಷೇತ್ರವನ್ನು ಮತ್ತೆ ಎಬ್ಬಿಸಿದವರು ಗ್ರಿಫಿತ್ಸ್. ಈ ವಿವಾದವನ್ನು ಇಲಿಗಳು ತೀರ್ಮಾನಿಸಲಾರವು. ಇಲಿಗೆ ಏನನಿಸಿತು ಎಂದು ಕೇಳುವ ವಿಧಾನ ವಿಜ್ಞಾನದಲ್ಲಿಲ್ಲ.

ಔಷಧ ಮಾರುಕಟ್ಟೆಯ ಲೆಕ್ಕ

ಸಿಲೋಸೈಬಿನ್ ಹಳೆಯ ವಸ್ತು, ಎಲ್‌ಎಸ್‌ಡಿಯೂ ಹಳೆಯದು. ಅಂಥವುಗಳ ಮೇಲೆ ಅಣುವಿನ ಪೇಟೆಂಟ್ ಸಿಗುವುದಿಲ್ಲ, ಪೇಟೆಂಟಿಲ್ಲದೆ ನೂರಾರು ಕೋಟಿ ಬೇಡುವ ಚಿಕಿತ್ಸಾ ಪ್ರಯೋಗಗಳಿಗೆ ಬಂಡವಾಳ ಹೂಡುವವರಿಲ್ಲ. ಇದು ಹೊಸ ಅಣುಗಳ ಹಿಂದಿನ ಬಲವಾದ, ಆದರೆ ಪ್ರಬಂಧಗಳಲ್ಲಿ ಕಡಿಮೆ ಹೇಳುವ ಪ್ರೇರಣೆ. ಬ್ರಿಟನ್ನಿನ ಕಂಪಾಸ್ ಕಂಪನಿ ಸಿಲೋಸೈಬಿನ್ನಿನ ಒಂದು ನಿರ್ದಿಷ್ಟ ಸ್ಫಟಿಕ ರೂಪಕ್ಕೆ ಪೇಟೆಂಟ್ ಪಡೆದಾಗ ಬಲವಾದ ಆಕ್ಷೇಪಗಳೆದ್ದವು. ಕೆಲವು ಕಂಪನಿಗಳು ಅಣುವಿನ ಜಲಜನಕದ ಜಾಗದಲ್ಲಿ ಅದರ ಭಾರವಾದ ರೂಪ ಡ್ಯೂಟೀರಿಯಂ ಇಡುತ್ತವೆ: ದೇಹ ಅದನ್ನು ಬೇರೆ ವೇಗದಲ್ಲಿ ಒಡೆಯುತ್ತದೆ, ವಸ್ತುವೂ ಹೊಸದೆನಿಸುತ್ತದೆ.

ಇನ್ನೊಂದು ಲೆಕ್ಕ ಗಡಿಯಾರದ್ದು. ಸಿಲೋಸೈಬಿನ್ ಕೊಟ್ಟ ರೋಗಿಯ ಪಕ್ಕ ತರಬೇತಾದ ಸಿಬ್ಬಂದಿ ಇಡೀ ದಿನ ಕೂರಬೇಕು. ಒಂದೆರಡು ಗಂಟೆಯಲ್ಲಿ ಇಳಿಯುವ ವಸ್ತು ಸಿಕ್ಕರೆ ಆಸ್ಪತ್ರೆಯ ಖರ್ಚು ಎಷ್ಟೋ ತಗ್ಗುತ್ತದೆ. ಅಬ್‌ವೀ ಕಂಪನಿ 2025ರಲ್ಲಿ ಗಿಲ್ಗಮೆಶ್ ಕಂಪನಿಯಿಂದ ಬ್ರೆಟಿಸಿಲೋಸಿನ್ ಎಂಬ ಅಂಥ ಒಂದು ಅಲ್ಪಾವಧಿ ವಸ್ತುವನ್ನು ಗರಿಷ್ಠ 120 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ ಪ್ರಕಟಿಸಿತು. ಲಾಭದ ಆಸೆ ಇರುವುದರಿಂದಲೇ ಇದನ್ನು ಕೆಟ್ಟದ್ದೆನ್ನಲಾಗದು. ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಯಿಂದ ನರಳುವವರಿಗೆ ನೆರವು ಈ ದಾರಿಯಲ್ಲೇ ಬರಬೇಕಿದೆ.

ಫಲಿತಾಂಶಗಳು ಪ್ರಚಾರಕ್ಕಿಂತ ಸಂಯಮದವು. ಕಂಪಾಸ್ ನಡೆಸಿ 2022ರಲ್ಲಿ ಪ್ರಕಟಿಸಿದ 233 ರೋಗಿಗಳ ಪ್ರಯೋಗದಲ್ಲಿ 25 ಮಿಲಿಗ್ರಾಂ ಸಿಲೋಸೈಬಿನ್ ಪಡೆದವರ ಖಿನ್ನತೆ ಮೂರು ವಾರಗಳಲ್ಲಿ 1 ಮಿಲಿಗ್ರಾಂ ಪಡೆದವರಿಗಿಂತ ಹೆಚ್ಚು ಇಳಿಯಿತು. 10 ಮಿಲಿಗ್ರಾಮಿನಿಂದ ಅಂಥ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜು 59 ರೋಗಿಗಳಲ್ಲಿ ಸಿಲೋಸೈಬಿನ್ ಮತ್ತು ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್ಸಿಟಲೋಪ್ರಾಮ್ ಮಾತ್ರೆಯನ್ನು ಹೋಲಿಸಿದಾಗ, ಮುಖ್ಯ ಅಳತೆಯಲ್ಲಿ ಎರಡರ ನಡುವೆ ಗಣನೀಯ ಅಂತರವಿರಲಿಲ್ಲ. ತಾನು ಪಡೆದದ್ದು ನಿಜವಾದ ಔಷಧವೋ ಹುಸಿಯೋ ಎಂದು ಬಹುತೇಕ ರೋಗಿಗಳಿಗೆ ಗೊತ್ತಾಗಿಬಿಡುವುದು ಈ ಪ್ರಯೋಗಗಳ ದೊಡ್ಡ ತೊಡಕು. 2024ರ ಆಗಸ್ಟಿನಲ್ಲಿ ಎಂಡಿಎಂಎ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಡಲಿಲ್ಲ, ಇನ್ನೊಂದು ಪ್ರಯೋಗ ನಡೆಸಲು ಹೇಳಿತು. ಆದರೆ ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಅಧಿಕೃತ ಮನೋವೈದ್ಯರು ಕೆಲವು ಕಾಯಿಲೆಗಳಿಗೆ ಎಂಡಿಎಂಎ ಮತ್ತು ಸಿಲೋಸೈಬಿನ್ ಬರೆದುಕೊಡಬಹುದು.

ಭಾರತದಲ್ಲಿ

ಭಾರತದ 1985ರ ಎನ್‌ಡಿಪಿಎಸ್ ಕಾಯ್ದೆ ಎಲ್‌ಎಸ್‌ಡಿ, ಡಿಎಂಟಿ, ಮೆಸ್ಕಲಿನ್, ಸಿಲೋಸೈಬಿನ್, ಡಿಓಎಂ ಮೊದಲಾದವನ್ನು ಹೆಸರಿಸಿ ನಿಷೇಧಿಸುತ್ತದೆ. ಪಟ್ಟಿಗೆ ಹೊಸ ವಸ್ತುಗಳನ್ನು ಸೇರಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಬೆಂಗಳೂರಿನಲ್ಲಿ ಡಾರ್ಕ್‌ನೆಟ್ ಮೂಲಕ ತರಿಸಿ ಅಂಚೆಯಲ್ಲಿ ಬಂದ ಬ್ಲಾಟ್ ಕಾಗದಗಳ ಜಪ್ತಿ ಆಗಾಗ ಸುದ್ದಿಯಾಗುತ್ತದೆ. ಅಂಥ ಚೂರಿನ ಮೇಲಿರುವುದು ಎಲ್‌ಎಸ್‌ಡಿಯೋ ಎನ್‌ಬಿಓಎಂಇಯೋ ಎಂಬುದನ್ನು ವಿಧಿವಿಜ್ಞಾನ ಪ್ರಯೋಗಾಲಯವೇ ಹೇಳಬೇಕು. ಕೊಂಡ ಹುಡುಗನಿಗೂ ಅದು ಗೊತ್ತಿರುವುದಿಲ್ಲ, ಅವನನ್ನು ತುರ್ತು ವಿಭಾಗದಲ್ಲಿ ನೋಡುವ ವೈದ್ಯರಿಗೂ ಆ ರಾತ್ರಿ ಗೊತ್ತಾಗುವುದಿಲ್ಲ.

ಶಿಕ್ಷೆಯ ಲೆಕ್ಕದಲ್ಲೂ ಕಾಗದ ತೊಡಕಾಗಿದೆ. ಎಲ್‌ಎಸ್‌ಡಿಗೆ ಕಾಯ್ದೆಯ ಅಲ್ಪ ಪ್ರಮಾಣ 2 ಮಿಲಿಗ್ರಾಂ, ವಾಣಿಜ್ಯ ಪ್ರಮಾಣ 100 ಮಿಲಿಗ್ರಾಂ. ವಾಣಿಜ್ಯ ಪ್ರಮಾಣಕ್ಕೆ 10ರಿಂದ 20 ವರ್ಷದ ಕಠಿಣ ಸಜೆ. ಒಂದು ಚೂರಿನಲ್ಲಿರುವ ಎಲ್‌ಎಸ್‌ಡಿ ಸಾಮಾನ್ಯವಾಗಿ ಮಿಲಿಗ್ರಾಮಿನ ಹತ್ತನೆಯ ಒಂದು ಭಾಗದ ಆಸುಪಾಸು, ಕಾಗದದ ತೂಕ ಅದರ ಎಷ್ಟೋ ಪಟ್ಟು. ಬೆರಕೆಯ ಇತರ ವಸ್ತುವಿನ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಬ್ಲಾಟ್ ಕಾಗದ ಬೆರಕೆಯೋ, ಬರೀ ವಾಹಕವೋ ಎಂಬ ವಾದ ನ್ಯಾಯಾಲಯಗಳಲ್ಲಿ ನಡೆದಿದೆ. ಕಾಗದವನ್ನೂ ಸೇರಿಸಿ ತೂಗಿದರೆ ಕೆಲವೇ ಚೂರುಗಳು ವಾಣಿಜ್ಯ ಪ್ರಮಾಣ ಮುಟ್ಟುತ್ತವೆ. ಎಲ್‌ಎಸ್‌ಡಿಯನ್ನಷ್ಟೇ ತೂಗಿದರೆ ಅದೇ ಗೆರೆ ದಾಟಲು ಸಾವಿರದಷ್ಟು ಚೂರು ಬೇಕು.